ಯಾಕೀ ಸೋಬಾನೆ

ಬಲಗಣ್ಣಿಗೆ ಹಸಿರು ಬಟ್ಟೆ.
ಒಲೆ ಹತ್ತಿರ ಸುಳಿಯಕೂಡದು, ತಲೆಗೆ ನೀರು ಹಾಕಕೂಡದು,
ಬಗ್ಗಕೂಡದು, ಕೆಮ್ಮಕೂಡದು, ಗಂಟಲು ಎತ್ತಕೂಡದು.
ಡಾಕ್ಟರ ಕಟ್ಟಳೆಗಳನ್ನೆಲ್ಲ ಸೆರಗಿನ ಗಂಟಿಗೆ ಹಾಕಿಕೊಂಡು
ಅತ್ತೆ ಅಡುಗೆಮನೆಯ ಹೊಸ್ತಿಲಾಚೆ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ.
ಆರು ವರ್ಷದಲ್ಲಿ ಇದೇ ಮೊದಲು ನಮ್ಮ ಮನೆಗೆ.
ಕಣ್ಣು ಕರೆತಂದಿತು. ಮಗ ಕರೆದಾಗ ಬಂದಿರಲಿಲ್ಲ.

ಕಟ್ಟಿನಕೆರೆ ಮಾರ್ಕೆಟ್ಟಿನ ಎಲೆಕೋಸು, ಕ್ಯಾರೆಟ್ಟು,
ಮಣ್ಣು ಬಿಡದ ಹಸಿಶುಂಠಿ.
ನೂಡಲ್ಸು ಎರಡು ಪೊಟ್ಟಣ,
ತಣ್ಣೀರುಹಳ್ಳದ ಅಂಗಡಿಯವನು ಧೂಳು ಒರೆಸಿ ಕೊಟ್ಟದ್ದು.
ಗೋಡೆಗೆ ಅಂಟಿಸಿದ ರಟ್ಟು:
ಫ್ಯಾಕ್ಟರಿಗೆ ಹೊಲಿಗೆ ಮಿಷನ್ನು ಕೂರಿಸಲು ಬಂದಿದ್ದ ತನಾಬೆ
ಸೂಜಿ ಡಬ್ಬಿಯ ಬೆನ್ನಿಗೆ ಬರೆದುಕೊಟ್ಟ ಚಿತ್ರ.
ಅವನಿಗೆ ಕನ್ನಡ ಬಾರದು, ನನಗೆ ಜಪಾನಿ ಬಾರದು.
ಒಂದು ಕೋಸು, ಒಂದು ಬಾಣ, ಒಂದು ಬಾಣಲೆ,
ಬಾಣಲೆ ಕೆಳಗೆ ಬೆಂಕಿ, ಬೆಂಕಿಗೆ ಮೂರು ಗೀಟು.
ಜೋರು ಅಂತ ಅರ್ಥ.

"ಏನು ಮಾಡ್ತಿದ್ದೀಯವ್ವ?"
"ಯಾಕಿಸೋಬಾ, ಅತ್ತೆ."
"ಯಾಕೀ ಸೋಬಾನೆ? ಯಾರ ಮನೇಲಿ ಮದುವೆ?"

ಕೊಣನೂರು ಸೀಮೆಯ ಚಪ್ಪರ ಚಪ್ಪರದಲ್ಲೂ
ಹಸೆಗೆ ಕರೆಯುವ ಪದ ಎತ್ತಿಕೊಟ್ಟ ಗಂಟಲು ಅದು.
ನಿಂಗಾಜಮ್ಮ ಬರದೆ ಎಣ್ಣೆಶಾಸ್ತ್ರ ಶುರುವಾಗುತ್ತಿರಲಿಲ್ಲವಂತೆ.
ನಾನು ಶೆಟ್ಟಿಹಳ್ಳಿಯ ಮಾರ್ಸಲಿನ್. ಅವರ ಬಾಯಲ್ಲಿ ಮಾರಸಮ್ಮ.
ಕೋಸಿನ ಎಲೆ ಎಲೆ ಬಿಡಿಸುತ್ತ ಸುಮ್ಮನಾದೆ.

ಎಣ್ಣೆ ಕಾಯಿತು. ಈರುಳ್ಳಿ ಬಿತ್ತು.
"ಸಣ್ಣಗೆ ಹೆಚ್ಚಿಲ್ಲ ನೀನು," ಅಂದರು, ಕಿವಿಯಲ್ಲೇ ನೋಡಿ.
ಕ್ಯಾರೆಟ್ಟಿನ ಸದ್ದು ಬೇರೆ, ಕೋಸಿನದು ಬೇರೆ,
ಎರಡನ್ನೂ ಸರಿಯಾಗಿ ಹೇಳಿದರು.
ಬೆಂದ ಎಳೆಗಳನ್ನು ಸುರಿದಾಗ ಮಾತ್ರ ತಡವರಿಸಿದರು:
"ಇದೇನು, ಒಲೆ ಆರೋಯ್ತಾ?"

ಅದರ ಸಾಸಿನ ಸೀಸೆ ಹಾಸನದಲ್ಲಿ ನನಗೆ ಸಿಗಲಿಲ್ಲ.
ಸೋಯಾ, ಟೊಮೆಟೊ ಸಾಸು, ಹುಣಸೆ ರಸ,
ಲವಂಗದ ಪುಡಿ ಚಿಟಿಕೆ, ಅಚ್ಚುಬೆಲ್ಲ:
ನಾನೇ ಕೂಡಿಸಿದ ನೆಂಟಸ್ತಿಕೆ.
ಹುಣಸೆ, ಬೆಲ್ಲ ಬಾಣಲೆ ತಾಕಿದ್ದೇ ತಡ
ಅತ್ತೆ ಮೂಗೆತ್ತಿ "ಗೊಜ್ಜು!" ಅಂದರು,
ತಪ್ಪಿಸಿಕೊಂಡ ಕುರಿಮರಿ ಸಿಕ್ಕವರ ಹಾಗೆ.

ಹೆಸರಿನ ಮಾತು ಮುಗಿದಿರಲಿಲ್ಲ.
"ಸೋಬಾ ಅಂದ್ರೆ?"
"ಒಂದು ತರ ಕಾಳು, ಅತ್ತೆ. ಅದರ ಹಿಟ್ಟಿನ ಶ್ಯಾವಿಗೆ."
"ಇದರಲ್ಲೈತಾ ಅದು?"
"ಇಲ್ಲ. ಇದು ಗೋಧಿ. ಹೆಸರಿಗಷ್ಟೇ ಸೋಬಾ."
"ಸೋಬಾ ಇಲ್ಲದ ಸೋಬಾ," ಗೊಣಗಿಕೊಂಡರು.
ತುಸು ಹೊತ್ತು ಬಿಟ್ಟು:
"ನಿಮ್ಮದಕ್ಕೆ ಯಾರು ಹಾಡಿದ್ರು, ಅವತ್ತು?"

ಯಾರೂ ಇಲ್ಲ, ಅತ್ತೆ.
ರಿಜಿಸ್ಟ್ರಾರ್ ಆಫೀಸಿನ ಫ್ಯಾನು ಒಂದೇ, ಕಿರ್ ಕಿರ್ ಅಂತ.
ಲೋಹಿತ ರುಜು ಹಾಕುವಾಗ ಪೆನ್ನು ನಿಂತುಹೋಯಿತು,
ಸಾಕ್ಷಿಗೆ ಬಂದಿದ್ದ ಜೆರಾಕ್ಸ್ ಅಂಗಡಿಯವನು ತನ್ನದು ಕೊಟ್ಟ.
ಆಮೇಲೆ ಬಸ್‌ಸ್ಟ್ಯಾಂಡ್ ಎದುರು ಮಸಾಲೆ ದೋಸೆ ತಿಂದೆವು.
ಪೆನ್ನು ವಾಪಸು ಕೊಡೋದು ಮರೆತೆವು. ಈಗಲೂ ಇದೆ.
ಇಷ್ಟನ್ನೂ ಹೇಳಿದೆನೋ, ಫ್ಯಾನಿನವರೆಗೆ ಮಾತ್ರ ಹೇಳಿದೆನೋ.

ತಟ್ಟೆಗೆ ಬಡಿಸಿ, ಮೇಲೆ
ಬೀಟ್‌ರೂಟ್ ನೀರಲ್ಲಿ ನೆನೆದ ಶುಂಠಿ ಇಟ್ಟೆ.
ತನಾಬೆಯ ಚಿತ್ರದಲ್ಲಿ ಅದೊಂದೇ ಕೆಂಪು.
ಅತ್ತೆ ಬೆರಳಿಗೆ ಸುತ್ತಿ ಸುತ್ತಿ ತಿಂದರು.
ಒಂದೆಳೆ ಗಲ್ಲಕ್ಕೆ ಅಂಟಿತು. ತೆಗೆಯಲು ಕೈ ಚಾಚಿದೆ,
ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.
"ಒರಳಲ್ಲಿ ಒತ್ತಿದ್ದರ ಮುಂದೆ ಇದು ಹುಡುಗಾಟ,"
ಅಂದರು. ಇನ್ನೊಂದು ಸಲ ಹಾಕಿಸಿಕೊಂಡರು.

ಕೈ ತೊಳೆಸುವಾಗ, ತಂಬಿಗೆಯ ನೀರಿನ ನಡುವೆ:
"ಎಷ್ಟು ದಿನ ಗಂಟಲು ಎತ್ತಬಾರದು ಅಂದ, ಆ ಡಾಕ್ಟ್ರು?"
"ಒಂದು ತಿಂಗಳು."
"ಹಸೆ ಹಾಕಾಕೆ ಜಾಗ ಐತಾ ಇಲ್ಲಿ?"

ನೆಲ ನೋಡಿದೆ.
ಫ್ರಿಜ್ಜಿಗೂ ಸಿಲಿಂಡರಿಗೂ ನಡುವೆ
ಎರಡು ಮಣೆ, ಒತ್ತಿದರೆ, ಹಿಡಿಸಬಹುದು.
"ಐತೆ," ಅಂದೆ, ಅವರ ಮಾತಲ್ಲೇ.

ಎರಡನೇ ಪೊಟ್ಟಣ ಒಡೆದಿಲ್ಲ.