ಕೊಳವೆಯಲ್ಲಿ ಉಳಿದದ್ದು

ಚಾವಿ ತೆಗೆದರೆ ಎಲ್ಲ ನಿಂತಿತೆಂದೇ ತಿಳಿದಿದ್ದೆ
ಕುತಾಯಿಸಿಯ ಈ ಷೆಡ್ಡಿಗೆ ಬಂದ ಮೊದಲ ವಾರ.
ಜುಂಬೆರ್ ಮಾವ ತನ್ನ ಎಡಹುಬ್ಬು ತೋರಿಸಿದ.
ಹುಬ್ಬಿರಲಿಲ್ಲ ಅಲ್ಲಿ; ಹಾಲಿನ ಕೆನೆಯಂತೆ
ಸುಕ್ಕುಗಟ್ಟಿದ ಚರ್ಮ.
"ನಿಂತದ್ದು ಎಂಜಿನ್ನು, ತಮ್ತಾ. ಪೆಟ್ರೋಲಲ್ಲ.
ಅದು ಕೊಳವೆಯೊಳಗೆ ಹಲ್ಲು ಕಚ್ಚಿ ಕೂತಿರುತ್ತೆ."

ಇವತ್ತು ಗೋಚಾನ ಓಪೆಲ್ ಬಂದಿದೆ.
ಗೋಚಾ ಮಾವನ ತಮ್ಮ.
ಹನ್ನೊಂದು ವರ್ಷದಿಂದ ಮಾತಿಲ್ಲ.
ಒಂದು ದ್ರಾಕ್ಷಿ ತೋಟ, ಅದರ ನಡುವೆ ಒಂದು ಬಾವಿ,
ಹೆಚ್ಚು ಕೆದಕಬೇಡ ಎಂದಿದ್ದಾಳೆ ಅಮ್ಮ.

"ಇಂಜೆಕ್ಟರ್ ಕೆಟ್ಟಿದೆ, ಬೇಗ ಬಿಚ್ಚು,
ರಾತ್ರಿಯೊಳಗೆ ಬತುಮಿ ಸೇರಬೇಕು"
ಎಂದದ್ದು ನನಗೆ, ಮಾವನಿಗಲ್ಲ. ಬೆರಳ ನಡುವೆ ಸಿಗರೇಟು.
ಮಾವ ಬಂದ, ಅದನ್ನು ಕಿತ್ತು
ತನ್ನ ಚಹಾದ ಲೋಟಕ್ಕೆ ಅದ್ದಿದ.
ಚುಸ್ಸ್.
ಅಷ್ಟೇ ಮಾತು.

ಟ್ಯಾಂಕಿನ ಮುಚ್ಚಳ ತಿರುವಿದೆ, ನಿಟ್ಟುಸಿರೊಂದು ಹೊರಬಿತ್ತು.
ಪಂಪಿನ ಫ್ಯೂಸು ಕಿತ್ತೆ,
ಕಿರುಬೆರಳ ಉಗುರಿನಷ್ಟು ಹಳದಿ,
ಜೇಬಿಗೆ ಹಾಕಿಕೊಂಡೆ.
ಚಾವಿ ಕೊಟ್ಟೆ. ಓಡಿತು!
ಹಿಂದಿನಿಂದ ಇನ್ನೇನೂ ಬರುವುದಿಲ್ಲವೆಂದು
ಅದಕ್ಕಿನ್ನೂ ಗೊತ್ತಿಲ್ಲ.
ಬಾನೆಟ್ಟಿನ ಆಚೆಗೊಬ್ಬ ಈಚೆಗೊಬ್ಬ
ನಿಂತು ಕೇಳಿಸಿಕೊಂಡರು, ಒಂದೇ ತರಹ ತಲೆ ವಾಲಿಸಿ.
ಹತ್ತು ಎಣಿಸುವಷ್ಟರಲ್ಲಿ ಕೆಮ್ಮಿತು,
ಮುಗ್ಗರಿಸಿತು, ಒಮ್ಮೆ ಮೈ ಕೊಡವಿ ಸತ್ತಿತು.
"ಇನ್ನೊಮ್ಮೆ" ಎಂದ ಮಾವ. ಗರ್ರ್.
"ಮತ್ತೊಮ್ಮೆ." ಬರೀ ಗರ್ರು.
ಬ್ಯಾಟರಿಯ ಕರಿ ತಂತಿ ಕಳಚಿ ಅತ್ತ ಬಾಗಿಸಿದೆ.

"ಈಗ?" ಎಂದ ಗೋಚಾ.
"ಈಗ ಕಬ್ಬಿಣ ತಣಿಯಬೇಕು.
ಆತುರಗಾರನಿಗೆ ಬುದ್ಧಿ ಮಟ್ಟ."
ಗೋಡೆ ನೋಡಿಕೊಂಡೇ ಹೇಳಿದ್ದು, ಆದರೂ ಹೇಳಿದ್ದು.

ಅರ್ಧ ತಾಸು. ಒಂದೇ ಬೆಂಚು, ಎರಡು ತುದಿ,
ನಡುವೆ ನನ್ನ ರೊಟ್ಟಿ, ಬೆಂಕಿ ಆರಿಸುವ ಕೆಂಪು ಸಿಲಿಂಡರು.

ಕನ್ನಡಕ ಹಾಕಿ, ಕೂಡುಗಂಟಿಗೆ ಬಟ್ಟೆ ಸುತ್ತುವಾಗ
ಗೋಚಾ ಬಾಗಿದ.
"ಇದು ಅಪ್ಪನ ಅಂಗಿ ಅಲ್ಲವಾ?"
"ತೋಳು ಮಾತ್ರ ಉಳಿದಿದೆ" ಎಂದ ಮಾವ.

ನಟ್ಟನ್ನು ಕಾಲು ಸುತ್ತು, ತಡೆದು, ಮತ್ತೆ ಕಾಲು.
ಇಷ್ಟೆಲ್ಲ ಮಾಡಿದ ಮೇಲೂ
ಎರಡು ಚಮಚದಷ್ಟು ಇದ್ದೇ ಇತ್ತು;
ಬಟ್ಟೆ ಮೆಲ್ಲಗೆ ಕುಡಿಯಿತು.

ಸಂಜೆ ಎಲ್ಲ ಜೋಡಿಸಿದರೂ ಕಾರು ಹೊರಡಲಿಲ್ಲ.
ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ
ಓಪೆಲನ್ನೂ ಅದರ ವಂಶವನ್ನೂ
ಒಂದೇ ಉಸಿರಿಗೆ ಬೈಯತೊಡಗಿದರು.

ಜೇಬಿನ ಮೇಲೆ ಕೈಯಿಟ್ಟುಕೊಂಡು
ನಾನು ಇನ್ನೂ ಸ್ವಲ್ಪ ಹೊತ್ತು
ಸುಮ್ಮನೆ ನಿಂತಿದ್ದೆ.