ಸರಪಳಿಯ ಈಚೆ ತುದಿ

ಮೂವತ್ತಮೂರು ಅಡಿ, ಹದಿನಾರು ಆಣೆ.
ಸರ್ಕಾರದ ಸರಪಳಿ ಅಷ್ಟೇ ಉದ್ದ.
ಆ ತುದಿ ಚಿಕ್ಕಲಿಂಗಯ್ಯ ಸರ್ವೆಯರದ್ದು,
ಈ ತುದಿ ನಂದು.
ಜಾಲಿಮುಳ್ಳಿಗೆ ಮೊದಲು ಕಾಲು ಕೊಡುವವನು ನಾನು,
ನಿಂತ ಜಾಗದಲ್ಲೇ ಬರೆದುಕೊಳ್ಳುವವರು ಅವರು.
ಹಂಗೇ ಇಪ್ಪತ್ತೊಂಬತ್ತು ವರ್ಷ
ಮಳವಳ್ಳಿ ತಾಲ್ಲೂಕೆಲ್ಲ ಎಳೆದಾಡಿದೆವು.
ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತ ಬದುವಿನ ಮೇಲೆ
ನಮ್ಮ ಕಬ್ಬಿಣ ಮಲಗಿದರೆ
ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಿದ್ದರು.

ರಿಟೈರಾದ ಐದನೇ ವರ್ಷಕ್ಕೆ ಬಾಗಿಲಲ್ಲಿ ಕೂಗಿದರು:
"ಮರಿಮಾದ, ಪುರಸಭೆಗೆ ನಿಂತ್ಕತೀನಿ. ಬಾ."
ಅಳತೆಗೆ ಕರೆದ ದನಿಯೇ.
ಟವೆಲು ಹೆಗಲಿಗೆ ಹಾಕಿಕೊಂಡೆ.

ಅವರು ಕೇಳಿದ ಚಿಹ್ನೆ ಸ್ಕೇಲು. ಪಟ್ಟಿಯಲ್ಲಿರಲಿಲ್ಲ.
ಸಿಕ್ಕಿದ್ದು ಟಾರ್ಚು.
ಹಗಲೊತ್ತು ಟಾರ್ಚು ಹಿಡಿದು ಹನ್ನೊಂದನೇ ವಾರ್ಡು ಸುತ್ತಿದೆವು,
ಹೆಂಗಸರು ಸೆರಗಲ್ಲಿ ಬಾಯಿ ಮುಚ್ಚಿಕೊಂಡರು.
ಬೇರೆಯವರು ಕುಕ್ಕರು ಹಂಚಿದರು,
ಅದರೊಳಗೆ ಮಡಿಚಿದ ನೋಟು.
ನಮ್ಮವರು ಹಂಚಿದ್ದು ಜೆರಾಕ್ಸು,
ಹಳೇ ಟಿಪ್ಪಣಿಯಲ್ಲಿದ್ದ ಹಳ್ಳದ ನಕ್ಷೆ.
"ನೋಡಿ, ಇಲ್ಲಿ ಅರ್ಧ ಸರಪಳಿ ಅಗಲ.
ಈಗ ಎರಡಾಣೆ.
ಮಿಕ್ಕ ಆರಾಣೆ ನೀರು
ನಿಮ್ಮ ನಡುಮನೆಗೆ ಬರದೆ ಎಲ್ಲಿಗೋಗ್ಬೇಕು ಹೇಳಿ?"
ಸಂಜೆ ಅದೇ ನಕ್ಷೆಯಲ್ಲಿ ಸುತ್ತಿಕೊಟ್ಟ ಬೋಂಡ
ನಾನೂ ತಿಂದೆ.

ಓಟು ಕೇಳುವುದೇ ಬರದು ಅವರಿಗೆ.
ಬಾಗಿಲು ತೆರೆದವರ ಮುಖ ನೋಡಿ
"ನಿಮ್ದು ಮೂವತ್ತು ನಲವತ್ತರ ಸೈಟು,
ಮೂಡಲಿಗೆ ಅರ್ಧ ಅಡಿ ಕಮ್ಮಿ" ಅಂತ ಶುರು ಮಾಡುವರು.
ಮೂಡಲ ಮನೆಯವರು ಕಿಟಕಿಯಲ್ಲಿ ಕಿವಿಯಿಟ್ಟಿರುವರು.
ಒಂದೇ ಮಾತಿಗೆ ಎರಡು ಮನೆ ಓಟು ಹೋಗೋದು.

ಕೋಳಿ ಅಂಗಡಿ ಕೆಂಪ್ರಾಜು
ಪುಕ್ಕ ತರೀತಾ, ತಲೆ ಎತ್ತದೆ ಕೇಳಿದ:
"ಅದ್ಸರಿ ಸಾ, ನಿಮ್ಮನೆ ಹಿಂದಲ ಕಾಂಪೌಂಡು
ಯಾವ ಸರಪಳೀಲಿ ಅಳ್ದಿದ್ರಿ?"

ಅವನ ಕೈ ನಿಲ್ಲಲಿಲ್ಲ. ಸಾಹೇಬರು ನಿಂತರು.

ಆ ರಾತ್ರಿ ಹತ್ತರ ಮೇಲೆ ಕರೆಸಿದರು.
ಸಾಕಮ್ಮನವರು ನಮ್ಮ ಚಿಹ್ನೆ ಹಿಡಿದು ಬೆಳಕು ಬಿಟ್ಟರು.
ಆಚೆ ದಡದಲ್ಲಿ ಉಳಿದದ್ದು ಒಂದೇ ಗಡಿಕಲ್ಲು,
ಹಂದಿಗಳು ಮೈಯುಜ್ಜಿ ನುಣ್ಣಗಾಗಿತ್ತು.
ಅಲ್ಲಿಂದ ಎಳೆದೆ.

ಗೋಡೆ ಕಟ್ಟಿದ ದಿನ ದಾರ ಹಿಡಿದವನು ನಾನೇ.
ಗೊತ್ತಿತ್ತು.
ಆದರೆ ಸರಪಳಿ ಹಿಡಿದವನು ಲೆಕ್ಕ ಓದುವಂತಿಲ್ಲ.
ಅದು ಇಲಾಖೆಯ ಕಾನೂನೋ ಊರಿನದೋ,
ಕೇಳಿದವನಲ್ಲ.

"ನನ್ನ ಕಣ್ಣು ಮಂಜು ಕಣೋ," ಅಂದರು. "ನೀನೇ ಓದು."

ಇಪ್ಪತ್ತೊಂಬತ್ತು ವರ್ಷದಲ್ಲಿ ಇರಲಿಲ್ಲ ಈ ಮಾತು.
ಕೊಂಡಿ ಕೊಂಡಿ ಬೆರಳಲ್ಲಿ ತಡವಿಕೊಂಡು ಬಂದೆ.
"ಒಂದಾಣೆ, ಸಾ."
"ಈಚೆಗೋ, ಆಚೆಗೋ?"
"ಹಳ್ಳದೊಳಕ್ಕೆ."
ಸಾಕಮ್ಮನವರ ಕೈ ಅಲುಗಿತೋ ಏನೋ,
ಬೆಳಕು ಒಮ್ಮೆ ಕರಿಬೇವಿನ ಗಿಡದ ಮೇಲೆ ಹೋಗಿ ಬಂತು.
ಗೋಡೆಗೆ ಆತು ಬೆಳೆದ ಗಿಡ.

ಬೆಳಿಗ್ಗೆ ಪ್ರಚಾರಕ್ಕೆ ಹೋಗಲಿಲ್ಲ. ಹಾರೆ ಹಿಡಿದರು.
ಮೂರನೇ ಏಟಿಗೆ ಏದುಸಿರು ಬಿಟ್ಟು ಕುಂತರು,
ಉಳಿದದ್ದು ನಾನು ಕೆಡವಿದೆ.
ಬೀದಿ ಬಂದು ನೋಡಿತು.
ಎದುರು ಪಾರ್ಟಿ ಹುಡುಗರು ಫೋಟೋ ತೆಗೆದು
ಮಧ್ಯಾಹ್ನದೊಳಗೆ ಎಲ್ಲರ ಮೊಬೈಲಿಗೂ ಹಾಕಿದರು:
"ತನ್ನ ಗೋಡೆನೇ ಕೆಡವ್ದೋನು
ನಿಮ್ಮನೆ ಬಿಟ್ಟಾನಾ?"

ಎಣಿಕೆ ತಾಲ್ಲೂಕು ಕಚೇರಿಯಲ್ಲಿ.
ಸಂಬಳದ ದಿನ ನಾವು ಕಾಯುತ್ತಿದ್ದ ಹುಣಸೆಮರದಡಿ
ಅವರು ಕೂತಿದ್ದರು, ನಾನು ಒಳಗೆ ಹೋಗಿ ಬಂದೆ.
ಎಂಬತ್ತಮೂರು.
ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು, ತಾರೀಕು ಹಾಕಿದರು.
"ಸರಿಯಾಗಿ ಎಣಿಸವ್ರೇನ್ಲಾ?"
"ಎಣಿಸವ್ರೆ ಸಾ. ನಾನೇ ಮುಂದೆ ನಿಂತಿದ್ದೆ."
"ಹಂಗಾರೆ ಸರಿ,"
ಅಂದವರು ಪೆನ್ನಿನ ಮುಚ್ಚಳಕ್ಕೆ ತಡಕಾಡಿದರು.
ಅದು ನನ್ನ ಕೈಲಿತ್ತು.