ಆವಕ ದಿನಾಂಕ

ಎಲ್ಲರಿಗೂ ತೆರೆದಿಟ್ಟ ಹಾಳೆ ಅದು.
ಕಾರವಾರದ ನಾವು ಐವರು, ಅಂಕೋಲೆಯ ಇಬ್ಬರು,
ಹೊನ್ನಾವರದಲ್ಲೊಬ್ಬ, ಭಟ್ಕಳದಲ್ಲೊಬ್ಬ ಹೊಸ ಹುಡುಗ.
ಅವನು ತಾರೀಖಿನ ನಡುವೆ ಚುಕ್ಕೆ ಇಡುತ್ತಿದ್ದ.
ಚುಕ್ಕೆ ಇಟ್ಟರೆ ಅದು ತಾರೀಖಲ್ಲ ಮಾರಾಯಾ, ಬರೀ ಅಕ್ಷರ,
ಎಡಗೋಡೆಗೆ ಆತು ಕೂರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ
ಎಂದು ಫೋನಿನಲ್ಲಿ ಗದರಿ
ಅವನ ಸಾಲುಗಳ ಮೇಲೂ ನನ್ನ ಸೂತ್ರ ಎಳೆದುಬಿಟ್ಟೆ,
ಮೀನುಗಾರಿಕೆ ಕಚೇರಿಯ ಗುಮಾಸ್ತೆ,
ಹಾಳೆ ಕಟ್ಟಿದವಳು.

ಅರ್ಜಿ ಬಂದ ದಿನ: ಟುಡೇ.
ಅದರ ಬೆನ್ನಿಗೆ ಒಂದು ಜೋಡಿ ಕಂಸ, ಒಳಗೆ ಏನೂ ಇಲ್ಲ.
ಹಾಗೇ ಇರಬೇಕು, ನಿಯಮ.
ಪಕ್ಕದ ಕಾಲಮ್ಮು ಬಾಕಿ ದಿನ ಎಣಿಸುತ್ತದೆ,
ಮೂವತ್ತು ದಾಟಿದರೆ ಸಾಲು ಕೆಂಪಾಗುತ್ತದೆ
ಎಂದು ಎಲ್ಲರಿಗೂ ತೋರಿಸಿದೆ.
ಪಾವಸ್ಕರ ಸಾಹೇಬರು ಕನ್ನಡಕ ಏರಿಸಿ
"ಮೋಹಿನಿಬಾಯಿ, ಇನ್ನು ರಿಜಿಸ್ಟರು ಬೇಡವಲ್ಲ?" ಎಂದರು.
ಬೇಡ ಸರ್, ಎಂದೆ.
ಆವಕ ರಿಜಿಸ್ಟರು ಕಪಾಟಿನ ಕೆಳಖಾನೆ ಸೇರಿತು.

ಒಂದು ಸಾಲೂ ಕೆಂಪಾಗಲಿಲ್ಲ.
ಮಳೆ ಬಿಟ್ಟಿತು, ಬೈತಖೋಲಿನಲ್ಲಿ ಬೋಟುಗಳು ಎಂಜಿನ್ನು ಕೆಮ್ಮಿದವು,
ಬಂಗಡೆಯ ದರ ಏರಿ ಇಳಿಯಿತು.
ಜಿಲ್ಲಾ ಸಭೆಯ ಪರದೆಯ ಮೇಲೆ ನಮ್ಮ ಹಾಳೆ:
ಬಾಕಿ ಸೊನ್ನೆ, ಬಾಕಿ ಸೊನ್ನೆ, ಬಾಕಿ ಸೊನ್ನೆ,
ಬಲೆಯಂಚಿನ ಬೆಂಡುಗಳ ಹಾಗೆ ಸಾಲಾಗಿ ತೇಲುತ್ತ.
ಶಿರಸಿಯ ತೋಟಗಾರಿಕೆಯವರು ತಿರುಗಿ ತಿರುಗಿ ನೋಡಿದರು.
ನನಗೊಂದು ಪ್ರಶಂಸಾಪತ್ರ, ಲ್ಯಾಮಿನೇಟ್ ಮಾಡಿದ್ದು.

ಮಾರ್ಚಿನ ಒಂದು ಸೋಮವಾರ, ಕರೆಂಟು ಬಂದು
ಫ್ಯಾನು ಇನ್ನೂ ತಿರುಗಲೋ ಬೇಡವೋ ಎನ್ನುತ್ತಿದ್ದಾಗ
ಅಮದಳ್ಳಿಯ ಶೇವಂತಿ ಹರಿಕಂತ್ರ ಬಂದಳು,
ಮೀನಬುಟ್ಟಿಯನ್ನು ಮೆಟ್ಟಿಲ ನೆರಳಿಗಿಟ್ಟು.
ಗಂಡ ಹೋದ ಪರಿಹಾರದ್ದು ಏನಾಯಿತು?
ಹುಡುಕಿದೆ. ಬಂದ ದಿನ ಮಾರ್ಚ್ ಇಪ್ಪತ್ನಾಲ್ಕು. ಬಾಕಿ ಸೊನ್ನೆ.
"ಇವತ್ತೇ ಬಂದದೆಯಲ್ಲ" ಎಂದೆ.

ಅವಳು ಜಗಳಾಡಲಿಲ್ಲ.
"ನಾ ಕೊಟ್ಟದ್ದು ನಾರಳಿ ಹುಣ್ಮೆ ದಿನ ಬಾಯೀ.
ಊರವರೆಲ್ಲ ಕಾಯಿ ಹಿಡ್ಕಂಡು ಸಮುದ್ರಕ್ಕೆ ಹೊರಟಿದ್ರು,
ನಾ ಇತ್ಲಾಗೆ ಬಂದಿದ್ದೆ."
ಸೆರಗಿನ ಗಂಟು ಬಿಚ್ಚಿ ತೆಗೆದಳು ಸ್ವೀಕೃತಿ ಚೀಟಿ,
ಪ್ಲಾಸ್ಟಿಕ್ಕಿನೊಳಗೆ ನಾಲ್ಕು ಮಡಿಕೆ,
ನಮ್ಮ ಜವಾನ ಬೀರಾ ಒತ್ತಿದ ಠಸ್ಸೆ, ನೇರಳೆ ಶಾಯಿ:
ಆಗಸ್ಟ್ ಹತ್ತೊಂಬತ್ತು.
ಠಸ್ಸೆಗೆ ಸೂತ್ರವಿಲ್ಲ. ಬಿದ್ದಲ್ಲೇ ಇರುತ್ತದೆ.

ಕೂತಲ್ಲೇ ಬೆವತೆ.
ಹಾಳೆ ತೆರೆದಾಗಲೆಲ್ಲ ಅಷ್ಟೂ ಅರ್ಜಿಗಳು
ಆಗಷ್ಟೇ ಮೆಟ್ಟಿಲು ಹತ್ತಿ ಬಂದಂತೆ
ಏದುಸಿರು ಬಿಡುತ್ತ ನಿಲ್ಲುತ್ತಿದ್ದವು,
ಒಂಬತ್ತು ಮಂದಿಯೂ ಅವಕ್ಕೆ ದಿನಾ ನಾಳೆ ಬಾ ಎನ್ನುತ್ತಿದ್ದೆವು.
ಯಾರೂ ತಿದ್ದಿಲ್ಲ, ಯಾರೂ ತಿಂದಿಲ್ಲ.
ಇಂದು ಎಂದು ಬರೆದದ್ದು ನಾಳೆಯೂ ಇಂದೇ ಆಗಿತ್ತು, ಅಷ್ಟೆ.

ಸೂತ್ರ ಅಳಿಸಿ ಅವಳ ತಾರೀಖು ಹೊಡೆದೆ.
ನಲವತ್ತೈದು ಸಾವಿರದ ಐನೂರ ಇಪ್ಪತ್ಮೂರು ಎಂದಿತು ಹಾಳೆ.
ಯಂತ್ರಕ್ಕೆ ದಿನವೆಂದರೆ ಯಾವುದೋ ಹಳೇ ಜನವರಿಯಿಂದ
ಒಂದೊಂದೇ ಪೇರಿಸಿದ ಬೆಣಚುಕಲ್ಲು.
ಹುಣ್ಣಿಮೆ ಅದಕ್ಕೆ ಗೊತ್ತಿಲ್ಲ.
ಕೋಶದ ರೂಪ ಬದಲಿಸಿದೆ. ಆಗಸ್ಟ್ ಆಯಿತು.
ಪಕ್ಕದಲ್ಲಿ ಇನ್ನೂರ ಹದಿನೇಳು.
ಕೆಂಪು.

ಕ್ಷಣದಲ್ಲೇ ಭಟ್ಕಳದಿಂದ ಫೋನು:
"ಮೇಡಂ, ಹಾಳೆ ಕೆಟ್ಟಿದೆ, ಒಂದು ಸಾಲು ಕೆಂಪಾಗಿದೆ."
ಕೆಟ್ಟಿಲ್ಲ, ಎಂದೆ. ನೀನು ಚುಕ್ಕೆ ಇಟ್ಟು ಬರೆದಿದ್ದೆಯಲ್ಲ,
ಅವು ಎಲ್ಲಾದರೂ ಉಳಿದಿವೆಯಾ?
"ನೀವೇ ಅಳಿಸಿದ್ರಿ ಮೇಡಂ."

ಶೇವಂತಿ ಹೊರಟಳು, ಮೀನು ಕೆಡುತ್ತದೆ.
ಬೀರಾ ಮೂಲ ಅರ್ಜಿಗಳ ಕಟ್ಟು ತಂದು
ಪ್ರಶಂಸಾಪತ್ರದ ಮೇಲೇ ಇಟ್ಟ, ಮೇಜಿನಲ್ಲಿ ಬೇರೆ ಜಾಗವಿರಲಿಲ್ಲ.
ಮುನ್ನೂರ ನಲವತ್ತು.
ಮೊದಲೆರಡು ಸಲೀಸು.
ಮೂರನೆಯದರ ಠಸ್ಸೆ ಕಲೆಸಿದೆ,
ಮೂರೋ ಎಂಟೋ ತಿಳಿಯದು.
ಕಿಟಕಿಯ ಬೆಳಕಿಗೆ ಹಿಡಿದು
ಇನ್ನೂ ನೋಡುತ್ತಿದ್ದೇನೆ.